ರೊಕ್ಕಾ ಕೊಟ್ಟು ಓಡಿದ 42 ಕಿಲೋಮೀಟರ್

"ಅವರು ನಿನಗ ರೊಕ್ಕಾ ಕೊಡ್ತಾರೋ, ನೀನ ಅವರಿಗೆ ಕೊಡ್ತೀಯೋ?"

ಮುಂಬೈ ಮ್ಯಾರಥಾನ್‌ಗೆ ಹೆಸರು ಹಚ್ಚೀನಿ ಅಂತ ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ನಾನೇ ಕೊಡಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟ ಓಡೂದಿದ್ರ ಹೊಲಕ್ಕ ಬಾ, ಪುಕ್ಕಟೆ ಓಡಸ್ತೀನಿ" ಅಂದರು.

ನಮ್ಮೂರು ಕಿತ್ತೂರಿನ ಹತ್ತಿರ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಓಡೋಕೆ ಶುರು ಮಾಡಿದ್ದು ಹವ್ಯಾಸಕ್ಕಲ್ಲ, ಹೆದರಿಕೆಗೆ. ಇಪ್ಪತ್ತೇಳನೇ ವಯಸ್ಸಿಗೆ ಆಫೀಸಿನ ಆರೋಗ್ಯ ತಪಾಸಣೆಯಲ್ಲಿ ಎಚ್‌ಬಿಎ1ಸಿ 6.1 ಬಂತು. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅಪ್ಪನಿಗೆ ಆಗಲೇ ಸಕ್ಕರೆ ಇತ್ತು. ಡಾಕ್ಟರು, "ಔಷಧಿ ಈಗಲೇ ಬೇಡ, ದಿನಾ ನಡೀರಿ" ಅಂದರು. ನಡಿಗೆ ಮೂರು ತಿಂಗಳಿಗೆ ನಿಧಾನ ಓಟವಾಯಿತು. ಐದು ಕಿಲೋಮೀಟರ್ ಹತ್ತಾಯಿತು, ಹತ್ತು ಇಪ್ಪತ್ತೊಂದಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆಫೀಸಿನಲ್ಲಿ ಯಾರೋ "ಹಾಫ್ ಮಾಡಿದ್ದೀಯಾ? ಹಾಗಾದ್ರೆ ಫುಲ್ ಯಾವಾಗ?" ಅಂದುಬಿಟ್ಟರು.

ನಮ್ಮ ಕಡೆಯವರಿಗೆ ಅರ್ಥವಾಗೋ ಹಾಗೆ ಹೇಳಬೇಕಂದ್ರೆ, ಕಿತ್ತೂರಿನಿಂದ ಹೊರಟರೆ ಧಾರವಾಡಕ್ಕೆ ಸುಮಾರು 32 ಕಿ.ಮೀ. ಅಲ್ಲಿಗೆ ಮುಗಿಯೋದಿಲ್ಲ. ಹುಬ್ಬಳ್ಳಿ ಹಾದಿಯಲ್ಲಿ ಇನ್ನೂ ಅರ್ಧದಷ್ಟು ಹೋಗಬೇಕು. ಆಗ ಆಗೋದು 42.195 ಕಿ.ಮೀ. ಬಸ್ಸಿನಲ್ಲಿ ಕೂತರೂ ಒಂದು ನಿದ್ದೆ ತೆಗೆಯುವಷ್ಟು ದೂರ.

ಹತ್ರಿ, ಜಾಗಾ ಐತಿ

ತಯಾರಿಗೆ ಹದಿನೆಂಟು ವಾರ. ವಾರದಲ್ಲಿ ನಾಲ್ಕು ದಿನ ಓಟ, ಭಾನುವಾರ ಉದ್ದದ ಓಟ. ಬೆಂಗಳೂರಿನಲ್ಲಾದರೆ ಬೆಳಗಿನ ಐದೂವರೆಗೆ ಕಬ್ಬನ್ ಪಾರ್ಕಿನಲ್ಲಿ ನಿಮ್ಮಂಥವರೇ ನೂರಾರು ಜನ ಸಿಗುತ್ತಾರೆ, ಯಾರೂ ತಿರುಗಿ ನೋಡೋದಿಲ್ಲ. ದಸರಾ ರಜೆಗೆ ಊರಿಗೆ ಹೋದಾಗ ಕಥೆಯೇ ಬೇರೆ. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಚಡ್ಡಿ ಹಾಕ್ಕೊಂಡು ಓಡ್ತಿದ್ದರೆ ಹಾಲಿನವರು ಗಾಡಿ ನಿಲ್ಲಿಸಿ "ಯಾಕ್ರೀ, ಏನಾತು?" ಅಂತ ಕೇಳಿದರು. ಹಿಂದಿನಿಂದ ಬಂದ ಸಾರಿಗೆ ಬಸ್ಸು ಪಕ್ಕದಲ್ಲೇ ನಿಧಾನ ಮಾಡಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಹತ್ರಿ, ಹತ್ರಿ, ಜಾಗಾ ಐತಿ" ಅಂದರು. ಬಸ್ ತಪ್ಪಿಸಿಕೊಂಡವನು ಅಂದುಕೊಂಡಿದ್ದರು ಪಾಪ. ಇಲ್ರೀ, ಸುಮ್ನ ಓಡಾಕತ್ತೀನಿ ಅಂದಾಗ ಅವರು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ.

ರಾಮದುರ್ಗ ಕಡೆಯ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ ನಗಲಿಲ್ಲ. "ನಿಮಗೆ ಬಸ್ಸು ನಿಲ್ಲತ್ತೆ. ನಾನು ಊರಲ್ಲಿ ಓಡಿದ್ರೆ ಸಂಜೆಯೊಳಗೆ ಮನೆಗೆ ಮೂರು ಫೋನ್ ಬರ್ತವೆ" ಅಂದರು. ಬೆಂಗಳೂರಿನಲ್ಲೂ ಕತ್ತಲಲ್ಲಿ ಒಬ್ಬರೇ ಹೊರಡೋ ಹಾಗಿಲ್ಲ, ಗುಂಪು ಸಿಕ್ಕ ದಿನ ಮಾತ್ರ ಉದ್ದದ ಓಟ. "ಕಾಲು ಗಟ್ಟಿ ಮಾಡ್ಕೊಳ್ಳೋದು ಸುಲಭ, ಜೊತೆ ಹೊಂದಿಸೋದೇ ಕಷ್ಟ" ಅನ್ನೋದು ಅವರ ಮಾತು. ನಾನು ಬೂಟು ಕಟ್ಟಿಕೊಂಡು ಹೊರಟುಬಿಡುತ್ತೇನೆ. ಅಷ್ಟು ಸಲೀಸು ಅವರಿಗಿಲ್ಲ ಅನ್ನೋದು ಅಲ್ಲಿಯವರೆಗೆ ನನ್ನ ತಲೆಗೇ ಬಂದಿರಲಿಲ್ಲ.

ಮೊದಲ ವರ್ಷ

2004ರಲ್ಲಿ ಶುರುವಾದ ಮುಂಬೈ ಮ್ಯಾರಥಾನ್ ನಡೆಯೋದು ಜನವರಿಯಲ್ಲಿ, ಒಂದು ಭಾನುವಾರ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎದುರು ಕತ್ತಲಲ್ಲೇ ಜನ ಸೇರಿರುತ್ತಾರೆ. ಅಲ್ಲಿಂದ ಮರೀನ್ ಡ್ರೈವ್, ಪೆಡ್ಡರ್ ರೋಡ್, ಹಾಜಿ ಅಲಿ, ವರ್ಲಿ. ಆಮೇಲೆ ಸಮುದ್ರದ ಮೇಲಿನ ಬಾಂದ್ರಾ–ವರ್ಲಿ ಸೀ ಲಿಂಕ್. ಉಳಿದ ದಿನ ನಡೆದು ಹೋಗೋರಿಗೆ ಪ್ರವೇಶವೇ ಇಲ್ಲದ ಆ ಸೇತುವೆ ಮೇಲೆ ಅವತ್ತು ಬರೀ ಬೂಟುಗಳ ಸಪ್ಪಳ. ಅಲ್ಲಿ ಓಡ್ತಾ ಓಡ್ತಾ ನನಗೆ ಕಣ್ಣು ತುಂಬಿ ಬಂತು. ಕಾರಣ ಕೇಳಿದರೆ ಹೇಳೋಕೆ ಬರಲ್ಲ.

ತಪ್ಪು ಮಾಡಿದ್ದು ಅದಕ್ಕೂ ಮೊದಲೇ. ಮೊದಲನೆಯದು ಬೂಟು. ಬಿಬ್ ತಗೊಳ್ಳೋಕೆ ಹೋದ ಕಡೆ ಮಳಿಗೆಗಳಿದ್ದವು, ರಿಯಾಯಿತಿ ಇತ್ತು, ಹೊಸ ಜೋಡಿ ತಗೊಂಡೆ. ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಹೊಸ ಕೋಡ್ ಹಾಕಬಾರದು ಅಂತ ಜೂನಿಯರ್‌ಗಳಿಗೆ ಬೈಯೋ ನಾನು, ಓಟದ ದಿನ ಬೆಳಗ್ಗೆ ಹೊಸ ಬೂಟು ಹಾಕಿಕೊಂಡೆ.

ಎರಡನೆಯದು ವೇಗ. ಅರ್ಧ ದೂರಕ್ಕೆ ಎರಡೂವರೆ ಗಂಟೆ ಅಂತ ಲೆಕ್ಕ ಹಾಕಿದ್ದೆ. ತಂಪು ಗಾಳಿ, ಬ್ಯಾಂಡ್ ಬಾಜಾ, ಕೈ ಚಾಚಿ ನಿಂತ ಮಕ್ಕಳು. ಕಾಲು ತಾನೇ ಓಡಿತು. ಗಡಿಯಾರ ನೋಡಿದರೆ 2 ಗಂಟೆ 12 ನಿಮಿಷ. ಹದಿನೆಂಟು ನಿಮಿಷ ಉಳಿಸಿದೆ ಅಂತ ಖುಷಿಪಟ್ಟೆ. ಅದು ಉಳಿತಾಯ ಅಲ್ಲ, ಸಾಲ ಅಂತ ಗೊತ್ತಾಗಿದ್ದು ಮುಂದೆ.

ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಬಹಳ ಜನರಿಗೆ ಅದು ಸುಮಾರು 30 ಕಿ.ಮೀ. ದಾಟುವ ಹೊತ್ತಿಗೆ ಬರಿದಾಗುತ್ತಾ ಬರುತ್ತದೆ. ಜೋರಾಗಿ ಓಡಿದಷ್ಟೂ ಬೇಗ. ಕೊಬ್ಬು ಬೇಕಾದಷ್ಟಿದ್ದರೂ ಅದರಿಂದ ಶಕ್ತಿ ಬರೋದು ನಿಧಾನ. ಓಟಗಾರರು ಇದನ್ನು 'ಗೋಡೆ' ಅಂತಾರೆ. ಮುಂಬೈಯಲ್ಲಿ ಇದರ ಜೊತೆಗೆ ಸಮುದ್ರದ ತೇವ. ಬೆವರು ಸುರಿಯುತ್ತೆ, ಆದರೆ ಆರೋದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗೋದಿಲ್ಲ. ಗೋಡೆ ಎದುರಾಗೋ ಹೊತ್ತಿಗೆ ಸರಿಯಾಗಿ ಪೆಡ್ಡರ್ ರೋಡಿನ ಏರು ಮತ್ತೆ ಬರುತ್ತದೆ. ಹೋಗುವಾಗ ಲೆಕ್ಕಕ್ಕೇ ಇಲ್ಲದ ಏರು ಬರುವಾಗ ಗುಡ್ಡವಾಗಿರುತ್ತದೆ.

ನನಗೆ ಆ ಏರು ಸಿಗಲೇ ಇಲ್ಲ. 33ನೇ ಕಿಲೋಮೀಟರ್ ಹತ್ತಿರ ಎರಡೂ ಮೀನಖಂಡ ಹಿಡಿದುಕೊಂಡವು. ಹಿಮ್ಮಡಿಯ ಬೊಕ್ಕೆ ಒಡೆದಿತ್ತು. ಸುಡು ಬಿಸಿಲಲ್ಲಿ ಮೈ ಜುಮ್ಮೆಂದು ಚಳಿ ಬಂತು. ಸ್ವಯಂಸೇವಕಿ ಹುಡುಗಿಯೊಬ್ಬಳು ರಟ್ಟೆ ಹಿಡಿದು ವೈದ್ಯರ ಟೆಂಟಿಗೆ ಕರೆದುಕೊಂಡು ಹೋದಳು. ಡಾಕ್ಟರು ಹೆಸರು ಕೇಳಿದರು, ಹೇಳಿದೆ. ಇವತ್ತು ಯಾವ ವಾರ ಅಂದರು. ಶನಿವಾರ ಅಂದೆ. ಅವರು ಮಾತಾಡದೆ ನನ್ನ ಬಿಬ್ ನಂಬರ್ ಬರೆದುಕೊಂಡರು.

ಇನ್ನು ಒಂಬತ್ತೇ ಕಿಲೋಮೀಟರ್, ನಡೆದುಕೊಂಡಾದರೂ ಹೋಗ್ತೀನಿ ಅಂತ ಗೋಗರೆದೆ. ಬಿಡಲಿಲ್ಲ. ಕಿತ್ತೂರಿನ ಲೆಕ್ಕದಲ್ಲಿ ಧಾರವಾಡ ಮುಟ್ಟಿದ್ದೆ. ಹುಬ್ಬಳ್ಳಿ ಹಾದಿ ಉಳಿದಿತ್ತು.

ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ನನ್ನ ಬಿಬ್ ನಂಬರ್ ಹಾಕಿದ್ದೆ. ಎಲ್ಲರೂ ಆ್ಯಪಿನಲ್ಲಿ ನನ್ನನ್ನೇ ನೋಡ್ತಾ ಕೂತಿದ್ದರು. ಮುಂದೆ ಸರಿಯುತ್ತಿದ್ದ ಚುಕ್ಕೆ ಒಂದು ಕಡೆ ನಿಂತುಬಿಟ್ಟಿತ್ತು. ಫೋನ್ ಆನ್ ಮಾಡಿದಾಗ ಅವ್ವನ ಹದಿನಾಲ್ಕು ಮಿಸ್ಡ್ ಕಾಲ್.

ಎತ್ತಿನ ಮಾತು

ಫಲಿತಾಂಶದಲ್ಲಿ ನನ್ನ ಹೆಸರಿನ ಮುಂದೆ ಮೂರು ಇಂಗ್ಲಿಷ್ ಅಕ್ಷರ: ಡಿಎನ್‌ಎಫ್. ಮುಗಿಸಲಿಲ್ಲ ಅಂತ. ಸ್ಟೇಟಸ್ ಹಾಕಿದ್ದನ್ನೆಲ್ಲ ಅಳಿಸಿದೆ. ಆಫೀಸಿನಲ್ಲಿ ಮೆಡಲ್ ತೋರಿಸು ಅಂದವರಿಗೆ ಮನೆಯಲ್ಲಿದೆ ಅಂತ ಸುಳ್ಳು ಹೇಳಿದೆ. ಹೌದು, ಹೇಳಿದೆ.

ಊರಿಗೆ ಹೋದಾಗ ಅಪ್ಪ ಬೈಯ್ತಾರೆ ಅಂದುಕೊಂಡಿದ್ದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ನಿಂತಿ ಅಲಾ, ಚಲೋ ಮಾಡಿದಿ" ಅಂದರು. "ಎತ್ತು ಕುಸದು ಬಿದ್ದ ಮ್ಯಾಲ ನೊಗಾ ಇಳಸಾಂವ ಒಕ್ಕಲಿಗನ ಅಲ್ಲ. ಬೀಳೂದರೊಳಗ ಇಳಸಬೇಕು. ನಾಳೆ ಮತ್ತ ಹೊಲಾ ಐತಿ, ಮತ್ತ ಎತ್ತು ಬೇಕು."

ನಾನು ನಿಂತಿರಲಿಲ್ಲ, ನಿಲ್ಲಿಸಿದ್ದರು. ಅದನ್ನು ಅಪ್ಪನಿಗೆ ಹೇಳಲಿಲ್ಲ.

ಅದೇ ವಾರ ಬೈಲಹೊಂಗಲ ಕಡೆಯ ಮಾಜಿ ಸೈನಿಕರೊಬ್ಬರು ಸಿಕ್ಕರು. ನಾವೆಲ್ಲ ಕಾಕಾ ಅಂತೀವಿ. ಐವತ್ತು ದಾಟಿದೆ, ಇಂದಿಗೂ ದಿನಾ ಓಡುತ್ತಾರೆ. "ನಿನಗ ನಮ್ಮ ಬೆಳಗಾವಿ ಚೌಗುಲೆ ಗೊತ್ತೇನ?" ಅಂದರು. ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳ್ತೀನಿ.

ಫಡೆಪ್ಪ ದರೆಪ್ಪ ಚೌಗುಲೆ ಬೆಳಗಾವಿಯವರು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತಾಪಿ ಹುಡುಗರನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು. ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕು ಅಂತ ಮುಂದೆ ನಿಂತರು, ಕೈಯಿಂದ ಖರ್ಚು ಹಾಕಿದರು. ಹಾಗೆ 1920ರ ಆ್ಯಂಟ್ವರ್ಪ್ ಒಲಿಂಪಿಕ್ಸ್‌ಗೆ ಹೊರಟ ಸಣ್ಣ ತಂಡದಲ್ಲಿ ಚೌಗುಲೆ ಇದ್ದರು. ಮ್ಯಾರಥಾನ್ ದೂರವನ್ನು 42.195 ಕಿ.ಮೀ. ಅಂತ ಖಾಯಂ ಮಾಡಿದ್ದು 1921ರಲ್ಲಿ. ಹಾಗಾಗಿ ಆ ವರ್ಷ ಅವರು ಓಡಿದ್ದು ಇನ್ನೂ ಹೆಚ್ಚು, 42.75 ಕಿ.ಮೀ. ತೆಗೆದುಕೊಂಡ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡ್, 19ನೇ ಸ್ಥಾನ. ನೂರು ವರ್ಷದ ಹಿಂದೆ, ಜೆಲ್ ಇಲ್ಲ, ಜಿಪಿಎಸ್ ಗಡಿಯಾರ ಇಲ್ಲ!

ಅದೇ ಓಟದಲ್ಲಿ ಭಾರತದಿಂದ ಇನ್ನೊಬ್ಬರಿದ್ದರು, ಸದಾಶಿವ ದಾತಾರ್. ಅವರು ಓಟ ಮುಗಿಸಲಿಲ್ಲ. ಕಾಕಾ ಹೇಳಿದ್ದು ಇಷ್ಟೇ: "ಅವರ ಹೆಸರ ಮುಂದೂ ನಿನ್ನ ಮೂರು ಅಕ್ಷರ ಅದಾವ. ಹಂಗಂತ ಅವರು ಒಲಿಂಪಿಕ್ಸ್ ಓಡಿಲ್ಲಾ ಅನ್ನಾಕ ಬರತೈತೇನ?"

ಮಾರನೇ ದಿನ ಆಫೀಸಿನವರಿಗೆ ನಿಜ ಹೇಳಿದೆ. ಯಾರೂ ನಗಲಿಲ್ಲ. ಇಬ್ಬರು ತಮ್ಮ ಡಿಎನ್‌ಎಫ್ ಕಥೆ ಹೇಳಿದರು.

ಎರಡನೇ ಸಲ

ಮರುವರ್ಷ ಮತ್ತೆ ಹೋದೆ. ಬೂಟು ಹಳೆಯವು, ಮೂರು ತಿಂಗಳು ಓಡಿ ಪಳಗಿದ್ದು. ಹಿಂದಿನ ರಾತ್ರಿ ಅನ್ನ, ತೆಳು ಸಾರು. ರೊಟ್ಟಿ, ಕಾಳು ಪಲ್ಯ ಓಟಕ್ಕೆ ಮುಂಚೆ ಹೊಟ್ಟೆಗೆ ಭಾರ. ಜೇಬಿನಲ್ಲಿ ಓಆರ್‌ಎಸ್ ಪುಡಿ, ಅವ್ವ ಕಳಿಸಿದ ಶೇಂಗಾ ಚಿಕ್ಕಿಯ ಸಣ್ಣ ಚೂರುಗಳು. ತರಬೇತಿಯಲ್ಲೂ ಅದನ್ನೇ ತಿಂದಿದ್ದೆ. ಎದೆ ಮೇಲೆ 'ಕಿತ್ತೂರು' ಅಂತ ಕನ್ನಡದಲ್ಲಿ ಬರೆಸಿದ ಟಿ-ಶರ್ಟು.

ಅರ್ಧ ದೂರಕ್ಕೆ 2 ಗಂಟೆ 41 ನಿಮಿಷ. ಎಲ್ಲರೂ ದಾಟಿ ಹೋಗ್ತಿದ್ದರು, ಹೋಗಲಿ ಅಂತ ಬಿಟ್ಟೆ. ಹೋದ ವರ್ಷ ಕೂತ ಜಾಗ ಬಂದಾಗ ಟೆಂಟಿನ ಕಡೆ ನೋಡಿದೆ. ಯಾರೋ ಹುಡುಗ ತಲೆ ತಗ್ಗಿಸಿ ಕೂತಿದ್ದ. ಒಂದು ಕ್ಷಣ ನಿಂತು ಅವನ ಹೆಗಲು ತಟ್ಟಬೇಕು ಅನ್ನಿಸಿತು. ನಿಲ್ಲಲಿಲ್ಲ. ಈಗಲೂ ಅದೊಂದು ಕೊರೆಯುತ್ತದೆ.

ಪೆಡ್ಡರ್ ರೋಡ್ ಏರನ್ನು ಓಡಲಿಲ್ಲ, ನಡೆದೆ. ಎರಡೂ ಬದಿ ಜನ. ಮನೆಮಂದಿಯೆಲ್ಲ ಕುರ್ಚಿ ಹಾಕಿಕೊಂಡು ಕಿತ್ತಳೆ ತೊಳೆ, ಬಾಳೆಹಣ್ಣು, ಬಿಸ್ಕತ್ತು ಹಂಚುತ್ತಿದ್ದರು. ಬಿಬ್ ಮೇಲಿನ ಹೆಸರು ಓದಿ, ಸ್ವಂತ ಮಕ್ಕಳನ್ನು ಕರೆದ ಹಾಗೆ ಕರೆಯುತ್ತಿದ್ದರು. ಆ ಗದ್ದಲದಲ್ಲಿ ಒಂದು ದನಿ: "ಏ ಕಿತ್ತೂರ ತಮ್ಮಾ!"

ತಿರುಗಿ ನೋಡಿದರೆ ಎಪ್ಪತ್ತರ ಹತ್ತಿರದ ಅಮ್ಮ, ಕೈಯಲ್ಲಿ ಉಪ್ಪು ಹಚ್ಚಿದ ಕಿತ್ತಳೆ. "ನಾ ಸವದತ್ತಿಯಾಕಿ. ನಲವತ್ತ ವರ್ಷ ಆತು ಇಲ್ಲಿಗೆ ಬಂದು. ತಿನ್ನು, ತಿನ್ನು. ಯಾರ ಮಗಾ ನೀ?" ನಮ್ಮ ಕಡೆಯವರು ಎಲ್ಲಿದ್ದರೂ ಈ ಪ್ರಶ್ನೆ ಬಿಡೋದಿಲ್ಲ ನೋಡಿ. ಬಾಯಿ ತುಂಬ ಕಿತ್ತಳೆ ಇಟ್ಟುಕೊಂಡು ಅಪ್ಪನ ಹೆಸರು ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಆದರೂ "ಹೌದೇನ, ಚಲೋ ಮಂದಿ" ಅಂದರು. "ಗುಡ್ಡಾ ಹತ್ತೂವಾಗ 'ಉಧೋ ಉಧೋ' ಅಂತೇವಲ್ಲ, ಹಂಗ ಅನಕೋಂತ ಹತ್ತು. ದಣಿವು ಗೊತ್ತಾಗೂದಿಲ್ಲ."

ಹುಣ್ಣಿಮೆ ಜಾತ್ರೆಗೆ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬೂಟಿಲ್ಲ, ಬಿಬ್ಬಿಲ್ಲ, ದೂರ ಅಳೆಯೋರಿಲ್ಲ. ಹಾದಿಯಲ್ಲಿ ನೀರು, ಅಂಬಲಿ ಹಿಡಿದು ನಿಂತವರು ಮಾತ್ರ ಇಲ್ಲಿಯ ಹಾಗೇ. ದೇವರ ನಂಬಿಕೆಯ ಪ್ರಶ್ನೆ ಅಲ್ಲ. ಆ ಏರಿನಲ್ಲಿ ಒಳಗೊಳಗೇ ಅಂದುಕೊಂಡೆ, ಹತ್ತಿಬಿಟ್ಟೆ.

5 ಗಂಟೆ 41 ನಿಮಿಷಕ್ಕೆ ಮುಗಿಸಿದೆ. ಬಲಗಾಲಿನ ಒಂದು ಉಗುರು ಹೋಯಿತು. ಕೊರಳಿಗೆ ಮೆಡಲ್ ಬಂತು. ಅಪ್ಪನಿಗೆ ಫೋನ್ ಮಾಡಿದರೆ, "ಎಷ್ಟನೇ ನಂಬರ್ ಬಂದಿ?" ಅಂದರು. ಸಾವಿರಗಟ್ಟಲೆ ಮಂದಿಯ ಹಿಂದೆ ಅಂದೆ. "ಇರಲಿ, ಕಾಲು ಹೆಂಗದಾವ?"

ಮೊದಲ ಸಲ ಓಡೋರಿಗೆ

• ಮೊದಲು ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಸಕ್ಕರೆ, ಬಿಪಿ, ಹೃದಯದ ತೊಂದರೆ ಇದ್ದರೆ ಖಂಡಿತ.

• ಓಟದ ದಿನ ಬೂಟು, ಬಟ್ಟೆ, ತಿಂಡಿ ಯಾವುದೂ ಹೊಸದು ಬೇಡ.

• ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿ ಅಪಾಯವಾಗಬಹುದು. ಬಾಯಾರಿಕೆ ನೋಡಿಕೊಂಡು ಕುಡಿಯಿರಿ, ಉಪ್ಪಿನಂಶ ಜೊತೆಗಿರಲಿ.

• ಎದೆನೋವು, ತಲೆಸುತ್ತು, ಬಿಸಿಲಲ್ಲಿ ಚಳಿ, ಮಾತಿನಲ್ಲಿ ಗೊಂದಲ. ಇದರಲ್ಲಿ ಒಂದು ಕಂಡರೂ ನಿಲ್ಲಿ. ಯಾರಾದರೂ ನಿಲ್ಲಿಸಲಿ ಅಂತ ಕಾಯಬೇಡಿ.

ಹೋದ ತಿಂಗಳ ತಪಾಸಣೆಯಲ್ಲಿ ನನ್ನ ಎಚ್‌ಬಿಎ1ಸಿ 5.5 ಬಂದಿದೆ. ಅಪ್ಪನೂ ಈಗ ದಿನಾ ಸಂಜೆ ಹೊಲದ ಬದುವಿನ ಮೇಲೆ ಅರ್ಧ ಗಂಟೆ ನಡೆಯುತ್ತಾರೆ, ಪುಕ್ಕಟೆ. ನಿಮ್ಮದೂ ಒಂದು ಓಟದ ಕಥೆ ಇದ್ದರೆ ಬರೆದು ಕಳಿಸಿ. ಮುಗಿಸದ ಓಟದ್ದಾದರೂ ಪರವಾಗಿಲ್ಲ, ಅದನ್ನೇ ಮೊದಲು ಓದ್ತೀನಿ.