ಸ್ಕ್ಯಾನ್ ಲಿಂಕ್ ಫಾರ್ವರ್ಡ್ ಮಾಡುವ ಮುನ್ನ: ಆ ತ್ರೀಡಿ ಚಿತ್ರ ನಿಜಕ್ಕೂ ನಿಮ್ಮ ಫೋನಿನಲ್ಲಿದೆಯೇ?

ಜಯನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆ ಸಿಟಿ ಸ್ಕ್ಯಾನ್ ಮಾಡಿಸಿದರೆ ಈಗ ಫಿಲ್ಮ್ ಜೊತೆ ಮೊಬೈಲಿಗೆ ಒಂದು ಲಿಂಕ್ ಬರುವುದೂ ಉಂಟು. ಒತ್ತಿದರೆ ತಲೆಬುರುಡೆಯೋ ಹೃದಯವೋ ತ್ರೀಡಿಯಲ್ಲಿ ತೆರೆದುಕೊಳ್ಳುತ್ತದೆ. ಕೂಡಲೇ ಅದರ ಸ್ಕ್ರೀನ್‌ಶಾಟ್ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ: "ಗೊತ್ತಿರುವ ಡಾಕ್ಟರಿಗೆ ತೋರಿಸಿ, ಪೂರ್ತಿ ಸ್ಕ್ಯಾನ್ ಇದೆ." ಇದು ನಿಜವೇ?

ನಿಜವಲ್ಲ. ಏಕೆ?

ಮೊದಲು ಗಾತ್ರ ನೋಡೋಣ. ಸಿಟಿ ಸ್ಕ್ಯಾನ್ ಎಂದರೆ ಒಂದು ಫೋಟೋ ಅಲ್ಲ, ಬ್ರೆಡ್ ಹೋಳುಗಳಂತೆ ಜೋಡಿಸಿಟ್ಟ ನೂರಾರು ಚಿತ್ರಗಳು. ಸಾಮಾನ್ಯವಾಗಿ ಒಂದು ಹೋಳಿನಲ್ಲಿ 512 × 512 ಚುಕ್ಕೆಗಳಿರುತ್ತವೆ, ಅಂದರೆ ಸುಮಾರು ಅರ್ಧ ಎಂಬಿ. ಅಂಥ 1000 ಹೋಳುಗಳಾದರೆ 500 ಎಂಬಿ!

ಇಷ್ಟನ್ನೂ ಫೋನಿಗೆ ಇಳಿಸುವ ಬದಲು ಹಲವು ವ್ಯವಸ್ಥೆಗಳು ಬೇರೆ ದಾರಿ ಹಿಡಿಯುತ್ತವೆ. ಸ್ಕ್ಯಾನ್ ಸರ್ವರ್‌ನಲ್ಲೇ ಉಳಿಯುತ್ತದೆ. ನೀವು ಬೆರಳು ಸರಿಸಿದಾಗ "ಇಷ್ಟು ತಿರುಗಿಸು" ಎಂಬ ಪುಟ್ಟ ಸಂದೇಶ ಮಾತ್ರ ಅಲ್ಲಿಗೆ ಹೋಗುತ್ತದೆ. ಸರ್ವರ್ ಆ ಕೋನದಿಂದ ಕಾಣುವ ಚಿತ್ರವನ್ನು ರಚಿಸಿ ಕಳುಹಿಸುತ್ತದೆ. ಇದಕ್ಕೆ ರಿಮೋಟ್ ರೆಂಡರಿಂಗ್ ಎನ್ನುತ್ತಾರೆ. ತಿರುಗಿಸುವಾಗ ಚಿತ್ರ ಮಸುಕಾಗಿ, ಬೆರಳು ನಿಲ್ಲಿಸಿದ ಮೇಲೆ ತಿಳಿಯಾಗುವುದನ್ನು ನೀವು ಗಮನಿಸಿರಬಹುದು. ಅದು ಫೋನಿನ ದೋಷವಲ್ಲ: ನೆಟ್‌ವರ್ಕ್ ತಡವಾಗದಿರಲೆಂದು ಮೊದಲು ಕಡಿಮೆ ಗುಣಮಟ್ಟದ ಚಿತ್ರ, ಬಳಿಕ ಪೂರ್ಣ ಚಿತ್ರ ಬರುತ್ತದೆ.

ಅಂದರೆ ನಿಮ್ಮ ಫೋನ್ ಒಂದು ಕಿಟಕಿ ಮಾತ್ರ.

ಸ್ಕ್ರೀನ್‌ಶಾಟ್ ಏಕೆ ಸಾಲದು?

ಸಿಟಿ ಅಳತೆಯಲ್ಲಿ ಗಾಳಿ ‑1000, ನೀರು 0, ಗಟ್ಟಿ ಮೂಳೆ +1000ದ ಆಸುಪಾಸು. ಸಾಮಾನ್ಯ ಪರದೆ ತೋರಿಸುವುದು ಬೂದುಬಣ್ಣದ 256 ಛಾಯೆಗಳನ್ನಷ್ಟೇ. ಹಾಗಾಗಿ ವೈದ್ಯರು ಶ್ವಾಸಕೋಶಕ್ಕೊಮ್ಮೆ, ಮೂಳೆಗೊಮ್ಮೆ, ಮಿದುಳಿಗೊಮ್ಮೆ ಛಾಯೆ ಬದಲಿಸಿ ಎಲ್ಲ ಹೋಳುಗಳನ್ನೂ ನೋಡುತ್ತಾರೆ. ಒಂದು ಛಾಯೆಯಲ್ಲಿ ಕಾಣದ ಸಣ್ಣ ರಕ್ತಸ್ರಾವ ಇನ್ನೊಂದರಲ್ಲಿ ಕಾಣಬಹುದು. ಸ್ಕ್ರೀನ್‌ಶಾಟ್‌ನಲ್ಲಿ ಒಂದೇ ಕೋನ, ಒಂದೇ ಛಾಯೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದೂ ಕುಗ್ಗುತ್ತದೆ. ಅದನ್ನು ನೋಡಿ "ಏನೂ ತೊಂದರೆ ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಿ ಕೂರುವುದು ಅಪಾಯ.

ಹಾಗೆಂದು ದೂರದಿಂದ ನೋಡುವುದೇ ತಪ್ಪೆಂದಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರ ಮತ್ತು ಸರಗೂರಿನ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಮುಖ್ಯವಾದದ್ದು ವೈದ್ಯರಿಗೆ ಮೂಲ ಮಾಹಿತಿ ಸಿಗುವುದು.

ಹಾಗಾದರೆ ಏನು ಮಾಡಬೇಕು?

- ಎರಡನೇ ಅಭಿಪ್ರಾಯ ಬೇಕಿದ್ದರೆ ಸ್ಕ್ಯಾನ್ ಸೆಂಟರಿನಲ್ಲಿ "ಡೈಕಾಮ್ ಫೈಲ್ ಕೊಡಿ" ಎಂದು ಕೇಳಿ, ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಪಡೆದಿಟ್ಟುಕೊಳ್ಳಿ. ಲಿಂಕ್‌ನ ಅವಧಿ ಮುಗಿಯಬಹುದು.
- ವೈದ್ಯರಿಗೆ ಲಿಂಕನ್ನೂ ಲಿಖಿತ ವರದಿಯನ್ನೂ ನೇರವಾಗಿ ಕಳುಹಿಸಿ.
- ಲಿಂಕನ್ನು ಗ್ರೂಪಿಗೆ ಹಾಕಬೇಡಿ. ಸ್ಕ್ರೀನ್‌ಶಾಟ್ ಒಂದು ಚಿತ್ರವಷ್ಟೇ, ಲಿಂಕ್ ಮನೆಯ ಬೀಗದ ಕೈ ಇದ್ದಂತೆ. ಪಾಸ್‌ವರ್ಡ್ ಇಲ್ಲದಿದ್ದರೆ ಅದು ಯಾರ ಕೈಗೆ ಸಿಕ್ಕರೂ ರೋಗಿಯ ಹೆಸರು, ವಯಸ್ಸು, ಪೂರ್ತಿ ಸ್ಕ್ಯಾನ್ ತೆರೆದುಕೊಳ್ಳಬಹುದು.

ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ, ಸ್ಕ್ಯಾನ್ ಬದಲು ಈ ಲೇಖನವನ್ನು ಮಾಡಿ.