ಡಾ ನಾಂಗ್‌ನಲ್ಲಿ ಒಂದು ವಾರ: ಕೇಳಿದ್ದೆಷ್ಟು, ನಿಜವೆಷ್ಟು?

ವಿಯೆಟ್ನಾಂ ಪ್ರವಾಸದ ಮಾತು ಬಂದರೆ ಡಾ ನಾಂಗ್ ಹೆಸರು ಬಂದೇ ಬರುತ್ತದೆ. ದೇಶದ ನಡುಭಾಗದ ಕಡಲ ನಗರ. ಊರ ಮಧ್ಯೆ ಹಾನ್ ನದಿ, ಪೂರ್ವಕ್ಕೆ ಉದ್ದಾನುದ್ದ ಮರಳ ತೀರ. ಅದರ ಬಗ್ಗೆ ನಮ್ಮಲ್ಲಿ ಹರಡಿರುವ ತಿಳಿವಳಿಕೆಯ ಬಹುಪಾಲು ಮೂರು ದಿನದ ಪ್ಯಾಕೇಜ್ ಟೂರಿನಲ್ಲಿ ಹುಟ್ಟಿದ್ದು. ನಿಧಾನವಾಗಿ ಒಂದು ವಾರ ಇದ್ದು ಬರೋಣ ಎನ್ನುವವರು ಅದನ್ನು ಒಮ್ಮೆ ಜಾಲಾಡಿ ನೋಡುವುದು ಒಳ್ಳೆಯದು.

“ಡಿಸೆಂಬರ್ ರಜೆಗೆ ಹೋದರೆ ಸರಿ, ಮಳೆಗಾಲ ಮುಗಿದಿರುತ್ತದೆ”

ಎಲ್ಲಕ್ಕಿಂತ ದುಬಾರಿ ತಪ್ಪು ಇದೇ. ಗೋವಾ, ಗೋಕರ್ಣದ ಲೆಕ್ಕವನ್ನೇ ನಾವು ಅಲ್ಲಿಗೂ ಹಾಕುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯನ್ನು ತೋಯಿಸುವ ನೈಋತ್ಯ ಮಾರುತ ದಕ್ಷಿಣದ ಹೊ ಚಿ ಮಿನ್ ನಗರಕ್ಕೂ ಮಳೆ ತರುತ್ತದೆ, ನಿಜ. ಆದರೆ ಡಾ ನಾಂಗ್‌ನ ಪಶ್ಚಿಮಕ್ಕೆ, ಲಾವೋಸ್ ಗಡಿಯುದ್ದಕ್ಕೂ, ತ್ರುವಾಂಗ್ ಸನ್ ಪರ್ವತಸಾಲು ನಿಂತಿದೆ. ಗಾಳಿ ತನ್ನ ತೇವವನ್ನೆಲ್ಲ ಆಚೆ ಬದಿಯಲ್ಲೇ ಸುರಿದು, ಒಣಗಿ, ಬಿಸಿಯಾಗಿ ಈಚೆಗೆ ಇಳಿಯುತ್ತದೆ. ಗಾಳಿ ಈಶಾನ್ಯಕ್ಕೆ ತಿರುಗಿದ ಮೇಲೆ ಅದೇ ಬೆಟ್ಟಗಳು ಕಡಲಿಂದ ಬಂದ ಮೋಡವನ್ನು ತಡೆದು ಊರಿನ ಮೇಲೆ ಸುರಿಸುತ್ತವೆ. ಮಂಗಳೂರು ನೆನೆಯುವಾಗ ಬೇಯುವ ಚೆನ್ನೈಗೆ ದೀಪಾವಳಿಯ ಹೊತ್ತಿಗೆ ಮಳೆ ಹಿಡಿಯುವುದಿಲ್ಲವೇ, ಹಾಗೆ.

ಅಕ್ಟೋಬರ್ ಒಂದೇ ತಿಂಗಳ ಸರಾಸರಿ ಮಳೆ 500 ಮಿ.ಮೀ. ದಾಟುತ್ತದೆ. ಚಂಡಮಾರುತಗಳ ಕಾಲವೂ ಅದೇ. ಪಕ್ಕದ ಹೊಯಿ ಆನ್‌ನಲ್ಲಿ ನದಿ ಉಕ್ಕಿ ಹಳೆಯ ಬೀದಿಗಳಲ್ಲಿ ದೋಣಿ ಓಡುವುದೂ ಈ ದಿನಗಳಲ್ಲೇ. ಡಿಸೆಂಬರ್‌ಗೆ ಅಬ್ಬರ ಇಳಿದಿರುತ್ತದೆ, ಆದರೆ ಮೋಡ, ಜಿಟಿಜಿಟಿ, ತಂಪುಗಾಳಿ, ಒರಟು ಅಲೆ ಹೋಗಿರುವುದಿಲ್ಲ. ಈಜಲೆಂದೇ ಹೋದವರು ದಡದ ಕೆಂಪು ಬಾವುಟ ನೋಡಿಕೊಂಡು ಕೂರಬೇಕಾಗುತ್ತದೆ. ಕಡಲು ಬೇಕಿದ್ದರೆ ಮಾರ್ಚ್‌ನಿಂದ ಆಗಸ್ಟ್. ನಮ್ಮ ಮಕ್ಕಳ ಬೇಸಿಗೆ ರಜೆಗೆ ಇದು ಸರಿಯಾಗಿ ಹೊಂದುತ್ತದೆ. ಏಪ್ರಿಲ್ 30 ಮತ್ತು ಮೇ 1ರ ಆಸುಪಾಸು ಮಾತ್ರ ಬೇಡ. ಅದು ಅವರ ರಾಷ್ಟ್ರೀಯ ರಜೆ, ಅರ್ಧ ದೇಶವೇ ಕಡಲಿಗೆ ಹೊರಟಿರುತ್ತದೆ.

“ಮೂರು ದಿನ ಸಾಕು, ಒಂದು ವಾರ ಬೇಜಾರು”

ಪಟ್ಟಿ ಹಿಡಿದು ಹೋದವರಿಗೆ ಮೂರು ದಿನ ಸಾಕು, ತಕರಾರಿಲ್ಲ. ಆದರೆ ಆ ಊರಿನ ದಿನಚರಿಯೇ ಬೇರೆ. ಮಿ ಖೆ ತೀರದಲ್ಲಿ ನಿಜವಾದ ಜನಸಂದಣಿ ಬೆಳಗಿನ ಐದು ಗಂಟೆಗೆ. ಅಜ್ಜ ಅಜ್ಜಿಯರು ವ್ಯಾಯಾಮ ಮಾಡಿ, ಈಜಿ, ಬಿಸಿಲೇರುವ ಮೊದಲು ಮನೆ ಸೇರುತ್ತಾರೆ. ನಡುಮಧ್ಯಾಹ್ನ ಮರಳ ಮೇಲೆ ಇರುವವರು ಹೆಚ್ಚಾಗಿ ಪರದೇಶಿಗಳೇ; ಸಂಜೆ ಮತ್ತೆ ಊರು ಇಳಿದು ಬರುತ್ತದೆ. ವಿಯೆಟ್ನಾಂ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದು. ಅವರ ಐದೆಂದರೆ ನಮ್ಮ ದೇಹಕ್ಕೆ ಮೂರೂವರೆ. ಮೊದಲೆರಡು ದಿನ ಏಳಲಾಗದೆಯೇ ಕಳೆಯುತ್ತವೆ, ಮೂರನೆಯ ದಿನ ಪ್ಯಾಕೇಜಿನವರು ಚೀಲ ಕಟ್ಟಿರುತ್ತಾರೆ. 2013ರಲ್ಲಿ ತೆರೆದ, 666 ಮೀಟರ್ ಉದ್ದದ ಡ್ರ್ಯಾಗನ್ ಸೇತುವೆ ಬೆಂಕಿ ಉಗುಳುವುದೂ ವಾರಾಂತ್ಯದ ರಾತ್ರಿ 9ಕ್ಕೆ. ಸೋಮವಾರ ಬಂದು ಗುರುವಾರ ಹೊರಟವರಿಗೆ ಅದು ಬರೀ ಹಳದಿ ಉಕ್ಕು.

“ಅಲ್ಲಿ ಸಸ್ಯಾಹಾರಿಗಳಿಗೆ ಏನೂ ಸಿಗದು”

ಎಂಟಿಆರ್ ಪೊಟ್ಟಣಗಳಿಂದ ಸೂಟ್‌ಕೇಸ್ ತುಂಬುವವರಿಗೆ ಈ ಮಾತು. ವಿಯೆಟ್ನಾಮಿನ ಬೌದ್ಧರಲ್ಲಿ ಅನೇಕರು ಚಾಂದ್ರಮಾಸದ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ, ಮಾಂಸ ಮೀನು ಬಿಡುತ್ತಾರೆ. ಅವರಿಗಾಗಿಯೇ ‘ಚಾಯ್’ ಎಂಬ ಫಲಕದ ಸಸ್ಯಾಹಾರಿ ಅಂಗಡಿಗಳಿವೆ. ಕಟ್ಟುನಿಟ್ಟಿನ ಬೌದ್ಧ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮ ಮಡಿಯವರಿಗೆ ಇದು ತಿಳಿದಿರಲಿ. ತಟ್ಟೆಯಲ್ಲಿ ಮಾಂಸದ ಹಾಗೆ ಕಾಣುವ ತುಂಡು ಅಲ್ಲಿ ಸೋಯಾದ್ದು, ಗಾಬರಿ ಬೇಡ. ಎಚ್ಚರ ಬೇಕಾದದ್ದು ಮಾಮೂಲಿ ಹೋಟೆಲಿನ ಬರೀ ಸೊಪ್ಪಿನ ಪಲ್ಯಕ್ಕೆ: ಅದರಲ್ಲಿ ಮೀನಿನ ಸಾಸ್ ಇರಬಹುದು.

“ಬೆಟ್ಟದ ಮೇಲೆ ಪುರಾತನ ಕಲ್ಲಿನ ಕೈಗಳಿವೆ”

ಬಾ ನಾ ಬೆಟ್ಟದ ಗೋಲ್ಡನ್ ಬ್ರಿಡ್ಜ್ ತೆರೆದದ್ದು 2018ರಲ್ಲಿ. ಸೇತುವೆಯನ್ನು ಎತ್ತಿ ಹಿಡಿದಂತಿರುವ, ಪಾಚಿ ಹಿಡಿದಂತೆ ಕಾಣುವ ಆ ಕೈಗಳು ತಂತಿಜಾಲರಿ ಮತ್ತು ಫೈಬರ್‌ಗ್ಲಾಸಿನವು. ಮಾರ್ಬಲ್ ಮೌಂಟನ್ಸ್ ಎಂಬ ಇನ್ನೊಂದು ಬೆಟ್ಟದ ಬುಡದ ಅಂಗಡಿಯ ಬುದ್ಧನೂ ಆ ಬೆಟ್ಟದ ಕಲ್ಲಿನವನಲ್ಲ. ಅಲ್ಲಿ ಕಲ್ಲು ಒಡೆಯುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು, ಶಿಲ್ಪಿಗಳಿಗೆ ಕಲ್ಲು ಹೊರಗಿಂದ ಬರುತ್ತದೆ. ಕೈಕೆಲಸ ಚೆನ್ನಾಗಿದ್ದರೆ ಕೊಳ್ಳಿ, ಬೆಟ್ಟದ ಹೆಸರಿಗೆ ದುಡ್ಡು ಕೊಡಬೇಡಿ.

“ಅಲ್ಲಿ ಭಾರತದ ರಾಜರು ಆಳಿದ್ದರು”

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಈ ಮಾತಿಗೆ ಆಧಾರವಾಗಿ ತೋರಿಸುವುದು ನಗರದಿಂದ ನೈಋತ್ಯಕ್ಕಿರುವ ಮಿ ಸನ್ ದೇವಾಲಯಗಳನ್ನು. ದೇವಾಲಯಗಳು ನಿಜ. 4ನೇ ಶತಮಾನದ ಕೊನೆಗೆ ಭದ್ರವರ್ಮ ಎಂಬ ರಾಜ ಅಲ್ಲಿ ಭದ್ರೇಶ್ವರನಿಗೆ ಗುಡಿ ಕಟ್ಟಿಸಿದ. 13ನೇ ಶತಮಾನದವರೆಗೂ ಇಟ್ಟಿಗೆಯ ಗೋಪುರಗಳು ಏಳುತ್ತಲೇ ಹೋದವು. ಶಾಸನಗಳು ಸಂಸ್ಕೃತದಲ್ಲೂ ಇವೆ, ಚಾಮ್ ಭಾಷೆಯಲ್ಲೂ ಇವೆ. ಆದರೆ ಭದ್ರವರ್ಮ ಭಾರತದಿಂದ ದಂಡೆತ್ತಿ ಹೋದವನಲ್ಲ. ಅವನು ಆಳಿದ ಚಂಪಾ ರಾಜ್ಯ ಕಟ್ಟಿದವರು ಅಲ್ಲಿನ ಚಾಮ್ ಜನ. ಅವರ ಭಾಷೆ ಮಲಯ ಭಾಷೆಗೆ ನೆಂಟ, ಸಂಸ್ಕೃತಕ್ಕಲ್ಲ. ವ್ಯಾಪಾರದ ಹಡಗುಗಳ ಜೊತೆ ಬಂದ ದೇವರು, ಲಿಪಿ, ಬಿರುದುಗಳನ್ನು ಅವರು ತಮಗೆ ಬೇಕಾದಂತೆ ಆರಿಸಿಕೊಂಡರು. ಅವರ ಜಾಣ್ಮೆಯನ್ನು ನಮ್ಮ ದಿಗ್ವಿಜಯವೆಂದು ಬರೆದುಕೊಳ್ಳುವುದು ಬರೀ ತಪ್ಪಲ್ಲ, ಸಣ್ಣತನ ಕೂಡ. ಚಾಮರು ಅಳಿದುಹೋಗಿಲ್ಲ, ದಕ್ಷಿಣದ ಫಾನ್ ರಾಂಗ್ ಸುತ್ತಮುತ್ತ ಇಂದಿಗೂ ಇದ್ದಾರೆ, ಅವರಲ್ಲಿ ಒಂದು ಪಂಗಡ ಹಳೆಯ ಗೋಪುರಗಳಲ್ಲಿ ಪೂಜೆ ನಡೆಸುತ್ತದೆ.

ಭಾರತದ ನಂಟು ಬೇಕಿದ್ದರೆ ಇನ್ನೊಂದಿದೆ. 1969ರಲ್ಲಿ ಅಮೆರಿಕದ ಬಾಂಬಿಗೆ ಸಿಕ್ಕಿ ಮಿ ಸನ್‌ನ ದೊಡ್ಡ ಗೋಪುರ ಕುಸಿಯಿತು. ಉಳಿದವುಗಳಲ್ಲಿ ಕೆಲವನ್ನು ಇತ್ತೀಚಿನ ವರ್ಷಗಳಲ್ಲಿ ಭದ್ರಪಡಿಸಿದ್ದು ನಮ್ಮ ಪುರಾತತ್ತ್ವ ಸರ್ವೇಕ್ಷಣ ಇಲಾಖೆ. ಆ ಕೆಲಸದ ನಡುವೆಯೇ 2020ರಲ್ಲಿ 9ನೇ ಶತಮಾನದ ಮರಳುಗಲ್ಲಿನ ಶಿವಲಿಂಗವೊಂದು ಸಿಕ್ಕಿತು.

ಅಲ್ಲಿಗೆ ಹೋಗುವ ಹಿಂದಿನ ದಿನ ಡಾ ನಾಂಗ್‌ನ ಚಾಮ್ ಶಿಲ್ಪ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಡಿ. ಡ್ರ್ಯಾಗನ್ ಸೇತುವೆಯ ಪಕ್ಕದಲ್ಲೇ ಇದೆ, ಸ್ಥಾಪನೆಯಾಗಿ ನೂರು ವರ್ಷ ದಾಟಿದೆ. ಮಿ ಸನ್‌ನ ಗರ್ಭಗುಡಿಗಳಲ್ಲಿ ಇದ್ದ ಶಿವ, ಗಣಪತಿ, ಪೀಠದ ಸುತ್ತಲ ಕೆತ್ತನೆ ಬಹಳಷ್ಟು ಈಗ ಇಲ್ಲಿವೆ. ಮೊದಲು ಇವನ್ನು ಕಂಡಿದ್ದರೆ ಅಲ್ಲಿನ ಖಾಲಿ ಗುಡಿಗಳಲ್ಲಿ ಯಾವುದೆಲ್ಲಿ ಕೂತಿತ್ತೆಂದು ನೀವೇ ಹೊಂದಿಸಿಕೊಳ್ಳಬಹುದು.