ಒಡೆದು ಮಾರುವ ಮೊಟ್ಟೆ: ಕಾರ್ಖಾನೆ ದೂರ, ಅಗತ್ಯ ನಮ್ಮೂರಲ್ಲಿ

ಜಹೀರಾಬಾದ್: ತೆಲಂಗಾಣ ಸರ್ಕಾರ 2024ರ ಅಕ್ಟೋಬರ್ 30ರಂದು ಹಸಿ ಮೊಟ್ಟೆಯ ಮೇಯೊನೀಸ್ ತಯಾರಿಕೆ ಮತ್ತು ಮಾರಾಟವನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿತು. ಹೈದರಾಬಾದಿನಲ್ಲಿ ಮೊಮೊ ತಿಂದ ಮಹಿಳೆಯೊಬ್ಬರು ಮೃತಪಟ್ಟು, ಹಲವರು ಆಸ್ಪತ್ರೆ ಸೇರಿದ ಬೆನ್ನಲ್ಲೇ ಈ ಆದೇಶ ಹೊರಬಿತ್ತು. ರಾಜ್ಯಕ್ಕೆಲ್ಲ ಅನ್ವಯಿಸಿದ ಈ ಆದೇಶ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಅಂಗಡಿಗಳಿಗೂ ಸೇರಿತ್ತು.

ಆದರೆ ನಿಷೇಧ ಹಾಕಿದ್ದು ಹಸಿ ಮೊಟ್ಟೆಗೆ ಎಂಬುದನ್ನು ಗಮನಿಸಬೇಕು. ಕೇರಳ 2023ರ ಜನವರಿಯಲ್ಲಿ ಇಂಥದೇ ಕ್ರಮ ಕೈಗೊಂಡಾಗ, ಪಾಶ್ಚರೀಕರಿಸಿದ ಮೊಟ್ಟೆ ಬಳಸಬಹುದು ಎಂದು ಸ್ಪಷ್ಟವಾಗಿ ಹೇಳಿತ್ತು. ಹಾಲನ್ನು ಪಾಶ್ಚರೀಕರಿಸುವುದು ಎಲ್ಲರಿಗೂ ಗೊತ್ತು. ತತ್ತಿಯನ್ನು ಹೇಗೆ ಮಾಡುತ್ತಾರೆ?

ಮೊದಲು ಒಡೆಯಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಯಂತ್ರ ಗಂಟೆಗೆ ಲಕ್ಷಕ್ಕೂ ಹೆಚ್ಚು ಮೊಟ್ಟೆಗಳನ್ನು ಒಡೆದು, ಬಿಳಿ ಲೋಳೆ ಮತ್ತು ಹಳದಿಯನ್ನು ಬೇರ್ಪಡಿಸುತ್ತದೆ. ಅದಕ್ಕೂ ಮುನ್ನ ಮೊಟ್ಟೆಗಳನ್ನು ತೊಳೆದು, ಬೆಳಕಿಗೆ ಹಿಡಿದು ಕೆಟ್ಟವನ್ನು ತೆಗೆಯಲಾಗುತ್ತದೆ. ನಂತರ ಬರುವುದೇ ಸೂಕ್ಷ್ಮ ಕೆಲಸ. ಹಾಲನ್ನು 72 ಡಿಗ್ರಿಗೆ 15 ಸೆಕೆಂಡು ಕಾಯಿಸಿದರೆ ಸಾಕು. ಮೊಟ್ಟೆಯನ್ನು ಅಷ್ಟು ಕಾಯಿಸಿದರೆ ಗಟ್ಟಿಯಾಗಿ ಬಿಡುತ್ತದೆ. ಆದ್ದರಿಂದ ಕಡಿಮೆ ಶಾಖ, ಹೆಚ್ಚು ಹೊತ್ತು ಎಂಬ ದಾರಿ ಹಿಡಿಯಲಾಗಿದೆ. ಅಮೆರಿಕದ ಹಿಂದಿನ ನಿಯಮದ ಪ್ರಕಾರ ಇಡೀ ಮೊಟ್ಟೆಯ ದ್ರವವನ್ನು 60 ಡಿಗ್ರಿಯಲ್ಲಿ ಮೂರೂವರೆ ನಿಮಿಷ ಇಡಬೇಕಿತ್ತು. ಸಾಲ್ಮೊನೆಲ್ಲಾ ರೋಗಾಣು ಸಾಯುತ್ತದೆ, ಮೊಟ್ಟೆ ದ್ರವವಾಗಿಯೇ ಉಳಿಯುತ್ತದೆ.

ಈ ದ್ರವವನ್ನು ಶೀತಲ ಡಬ್ಬಗಳಲ್ಲಿ ಹಾಗೆಯೇ ಮಾರಬಹುದು, ಇಲ್ಲವೇ ಬಿಸಿಗಾಳಿಯಲ್ಲಿ ಸಿಂಪಡಿಸಿ ಪುಡಿ ಮಾಡಬಹುದು. ಬಿಳಿ ಲೋಳೆಯಲ್ಲಿ ಅತ್ಯಲ್ಪ ಸಕ್ಕರೆ ಇರುತ್ತದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಅದನ್ನು ಯೀಸ್ಟ್ ಅಥವಾ ಕಿಣ್ವದಿಂದ ತೆಗೆಯದಿದ್ದರೆ ಪುಡಿ ಇಟ್ಟಲ್ಲೇ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದು ಕಿಲೋ ಪುಡಿಗೆ ಸುಮಾರು 80ರಿಂದ 90 ಮೊಟ್ಟೆ, ಅಂದರೆ ಹೆಚ್ಚುಕಡಿಮೆ ಮೂರು ಟ್ರೇ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಜನ ಪಡಿತರದಲ್ಲಿ ಅಮೆರಿಕದ ಮೊಟ್ಟೆ ಪುಡಿ ಪಡೆದದ್ದುಂಟು.

ಭಾರತದಲ್ಲಿ 2023-24ರಲ್ಲಿ 14,277 ಕೋಟಿ ಮೊಟ್ಟೆ ಉತ್ಪಾದನೆಯಾಯಿತು. ಅದರಲ್ಲಿ ತೆಲಂಗಾಣದ ಪಾಲು 12.88 ಶೇಕಡಾ, ದೇಶದಲ್ಲಿ ಮೂರನೇ ಸ್ಥಾನ. ಅಮೆರಿಕದಲ್ಲಿ ಸುಮಾರು 30 ಶೇಕಡಾ ಮೊಟ್ಟೆ ಒಡೆದ ರೂಪದಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ನಮ್ಮಲ್ಲಿ ಬಹುತೇಕ ಎಲ್ಲವೂ ಚಿಪ್ಪಿನಲ್ಲೇ ಮಾರಾಟವಾಗುತ್ತದೆ. ಹೆಸರು ಮಾಡಿದ ಸಂಸ್ಕರಣಾ ಕಾರ್ಖಾನೆಗಳೆಂದರೆ ತಮಿಳುನಾಡಿನ ಈರೋಡಿನ ಎಸ್‌ಕೆಎಂ ಎಗ್ ಪ್ರಾಡಕ್ಟ್ಸ್, ಕೋಲಾರ ಜಿಲ್ಲೆ ಮಾಲೂರಿನ ಓವೋಬೆಲ್ ಫುಡ್ಸ್. ಇವುಗಳ ಪುಡಿಗೆ ವಿದೇಶವೇ ದೊಡ್ಡ ಮಾರುಕಟ್ಟೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಂಡಾಗ ಹಲವು ದೇಶಗಳು ಭಾರತದ ಕೋಳಿ ಉತ್ಪನ್ನಗಳಿಗೆ ಬಾಗಿಲು ಹಾಕಿದ್ದವು. ರಫ್ತನ್ನೇ ನಂಬಿದರೆ ಇಂಥ ಅಪಾಯ ತಪ್ಪಿದ್ದಲ್ಲ.

ತಾಂಡೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಅಲ್ಲಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ತೊಗರಿಯನ್ನು ದಾಲ್ ಮಿಲ್ಲಿನಲ್ಲಿ ಒಡೆದರೆ ಬೆಲೆ ಹೆಚ್ಚುತ್ತದೆ, ದಾಸ್ತಾನಿಗೂ ಅನುಕೂಲ. ತತ್ತಿಗೆ ಅಂಥ ಮಿಲ್ಲು ಹತ್ತಿರ ಇಲ್ಲದಿದ್ದರೆ ಬೇಸಿಗೆಯಲ್ಲಿ ಬೆಲೆ ಬಿದ್ದಾಗ ಸಾಕಣೆದಾರ ಸಿಕ್ಕಿದ ದರಕ್ಕೆ ಮಾರಲೇಬೇಕು. ಪಕ್ಕದ ಬೀದರ್, ಕಲಬುರಗಿ ಜಿಲ್ಲೆಗಳ ಶಾಲೆಗಳಲ್ಲಿ 2021ರ ಡಿಸೆಂಬರಿನಿಂದ ಮೊಟ್ಟೆ ಕೊಡಲಾಗುತ್ತಿದೆ. ಶಾಲೆಗೆ ರಜೆ ಬಂತೆಂದರೆ ಆ ಬೇಡಿಕೆಯೂ ನಿಲ್ಲುತ್ತದೆ. ಕೋಳಿಗೆ ಮಾತ್ರ ರಜೆ ಇಲ್ಲ. 1982ರಲ್ಲಿ ಡಾ. ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನದ ದರ ಪ್ರಕಟಿಸುತ್ತದೆ ನಿಜ, ಆದರೆ ಮಾರಾಟವಾಗದ ಟ್ರೇಗಳನ್ನು ದರಪಟ್ಟಿ ಕಾಯಲಾರದು.

ಹಾಗೆಂದು ತಾಲೂಕಿಗೊಂದು ಪುಡಿ ಕಾರ್ಖಾನೆ ಕೇಳುವುದು ವ್ಯಾವಹಾರಿಕವಲ್ಲ. ಬಂಡವಾಳ ದೊಡ್ಡದು, ದರ ಏರಿದಾಗ ಒಡೆಯಲು ಮೊಟ್ಟೆ ಗಿಟ್ಟುವುದಿಲ್ಲ. ಈ ಲೇಖಕನ ಅಭಿಪ್ರಾಯದಲ್ಲಿ ಹೈದರಾಬಾದ್ ಸುತ್ತಲಿನ ಫಾರಂಗಳ ಬಳಿ ಸಣ್ಣ ಪ್ರಮಾಣದ ದ್ರವ ಮೊಟ್ಟೆ ಘಟಕವೊಂದು ಇದ್ದರೆ, ಸೋಲಾಪುರ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ದೂರದ ಜಹೀರಾಬಾದಿಗೆ ಶೀತಲ ವಾಹನದಲ್ಲಿ ಬೆಳಗಾಗುವಷ್ಟರಲ್ಲಿ ತಲುಪಿಸಬಹುದು. ಬಿರುಕು ಬಿಟ್ಟ ಮೊಟ್ಟೆಗಳನ್ನು ಅಗ್ಗಕ್ಕೆ ತಂದು ಬಕೆಟ್ಟಿಗೆ ಒಡೆದಿಟ್ಟು ದಿನವಿಡೀ ಬಳಸುವ ರೂಢಿಗಿಂತ ಇದು ಎಷ್ಟೋ ಮೇಲು. ಚಿಪ್ಪು ಬಿರುಕಾದರೆ ರೋಗಾಣುವಿಗೆ ದಾರಿ ತೆರೆದಂತೆ.

ಅಲ್ಲಿಯವರೆಗೆ ಬೇಕರಿಯವರಿಗೆ ಹತ್ತಿರದ ದಾರಿ ಪುಡಿ. ಕೊಳ್ಳುವಾಗ ಪೊಟ್ಟಣದ ಮೇಲೆ ಪಾಶ್ಚರೀಕರಿಸಿದ್ದು ಎಂಬ ಮಾತು, ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಮತ್ತು ತಾರೀಖು ನೋಡಬೇಕು. ಇಡೀ ಮೊಟ್ಟೆಯ ಪುಡಿ ಒಂದು ಪಾಲಿಗೆ ತೂಕದಲ್ಲಿ ಮೂರು ಪಾಲು ಕುಡಿಯುವ ನೀರು. ಪುಡಿಯನ್ನು ತೇವ ತಾಗದ ತಂಪು ಜಾಗದಲ್ಲಿ ಇಡಬಹುದು. ನೀರು ಬೆರೆಸಿದ ಮೇಲೆ ಅದು ಮತ್ತೆ ಹಸಿ ಮೊಟ್ಟೆಯಷ್ಟೇ ಬೇಗ ಕೆಡುತ್ತದೆ. ಆಗಿಂದಾಗ್ಗೆ ಬಳಸಬೇಕು, ಉಳಿದದ್ದನ್ನು ಮರುದಿನಕ್ಕೆ ಇಡಬಾರದು.